ಬೆಂಗಳೂರಿಗೆ ಹೋಗಿದ್ದೀವಿ, ಬೆಂಗಳೂರು ನೋಡಿಲ್ಲ

ಚಿಕ್ಕಬಳ್ಳಾಪುರ ಜಿಲ್ಲೆಯ ಶಾಲೆಗಳ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿಯ, ಅಂದರೆ ಶಾಲೆ ನೋಡಿಕೊಳ್ಳುವ ಸಮಿತಿಯ, ಅಪ್ಪ ಅಮ್ಮಂದಿರಿಗೆ, ಬೆಂಗಳೂರಿನ ವಸ್ತುಸಂಗ್ರಹಾಲಯಗಳನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ, ಬಸ್ಸು ಬಿಡುವವರಿಗೆ:

ಶಿಡ್ಲಘಟ್ಟದಿಂದ ಒಬ್ಬ ರೇಷ್ಮೆ ನೂಲು ತೆಗೆಯುವ ಹೆಂಗಸಿನ ನಮಸ್ಕಾರಗಳು.

ಹೋದ ತಿಂಗಳು ನನ್ನ ಮೊಮ್ಮಗ ಶಾಲೆಯಿಂದ ಒಂದು ಚೀಟಿ ತಂದ. ಮೇಲೆ ದಪ್ಪಕ್ಷರದಲ್ಲಿ ‘ಶೈಕ್ಷಣಿಕ ಪ್ರವಾಸ’ ಅಂತಿತ್ತು. ಕೆಳಗೆ ಓದಿದರೆ ನೀರಿನ ಜಾರುಬಂಡೆ ಇರುವ ಪಾರ್ಕಿಗೆ ಒಂದು ದಿನದ ಟ್ರಿಪ್ಪು. ತಲೆಗೆ 1,400 ರೂಪಾಯಿ. ಒಂದು ಜೊತೆ ಬಟ್ಟೆ, ಟವಲ್ ಹೆಚ್ಚಿಗೆ ಕಳಿಸಿ ಅಂತ ಸೂಚನೆ ಬೇರೆ. ಮಕ್ಕಳು ನೀರಾಡಬಾರದು ಅನ್ನುವ ಗಡಸು ಅಜ್ಜಿ ನಾನಲ್ಲ. ನಮ್ಮ ಕೆರೆಗಳಲ್ಲಿ ನೀರಿದ್ದ ಕಾಲದಲ್ಲಿ ಈಜು ಕಲಿತವಳು ನಾನು. ಆದರೆ ‘ಶೈಕ್ಷಣಿಕ’ ಅನ್ನುವ ಪದದ ಮೇಲೆ ನನ್ನ ಕಣ್ಣು ನೆಟ್ಟಿತು. ಮಾರನೇ ದಿನ ಶಾಲೆಯಲ್ಲಿ ಸಮಿತಿಯ ಸಭೆ ಇತ್ತು, ಹೋದೆ. “ಬೆಂಗಳೂರು ತೋರಿಸ್ಕೊಂಡು ಬರೋಣ ಸಾರ್, ಕೆಂಪು ಬಸ್ಸಲ್ಲೇ ಹೋಗಿ ಬರ್ಬೋದು” ಅಂದೆ.

ಎಲ್ಲರೂ ನಕ್ಕರು. ಸಮಿತಿಯವರೊಬ್ಬರು, ನನಗೆ ವರಸೆಯಲ್ಲಿ ಮೈದುನನೇ ಆಗಬೇಕು, “ಅಕ್ಕಾ, ಬೆಂಗಳೂರಲ್ಲಿ ಏನೈತೆ ನೋಡಕ್ಕೆ? ದಿನಾ ಹೋಗ್ ಬರ್ತೀವಲ್ಲ” ಅಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೇ ಈ ಕಾಗದ.

ದಿನಾ ಹೋಗುತ್ತೀವಿ, ಸುಳ್ಳಲ್ಲ. ರಾತ್ರಿ ಎರಡು ಗಂಟೆಗೆ ಸೇವಂತಿಗೆ, ಗುಲಾಬಿ ಮೂಟೆ ಕಟ್ಟಿಕೊಂಡು ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗುವವರು ನಮ್ಮವರು. ಹಾಲಿನ ಟ್ಯಾಂಕರು, ಟೊಮೆಟೊ, ಹೂಕೋಸಿನ ಗಾಡಿ, ವಿಮಾನ ನಿಲ್ದಾಣದ ಕಡೆ ಕೆಲಸಕ್ಕೆ ಹೋಗುವ ಹುಡುಗರು, ವಕೀಲರ ಮನೆ, ದೊಡ್ಡಾಸ್ಪತ್ರೆ, ಸ್ಕ್ಯಾನಿಂಗು. ‘ಬೆಂಗಳೂರು ನೀಲಿ’ ಅಂತ ಭೌಗೋಳಿಕ ಗುರುತಿನ ಮುದ್ರೆ ಪಡೆದ ದ್ರಾಕ್ಷಿ ಇದೆಯಲ್ಲ, ಅದು ಬೆಳೆಯುವುದು ನಮ್ಮ ಜಿಲ್ಲೆಯಲ್ಲಿ, ಪಕ್ಕದ ದೇವನಹಳ್ಳಿ ಕಡೆಯಲ್ಲಿ. ಹೆಸರು ಮಾತ್ರ ಬೆಂಗಳೂರಿನದು. ಹಾಗೇ ನಾವೂ ಹೋಗುತ್ತೀವಿ. ಕೆಲಸ ಮುಗಿಸಿ ಕೊನೇ ಬಸ್ಸಿಗೆ ವಾಪಸ್ಸು ಓಡಿ ಬರುತ್ತೀವಿ. ನಮ್ಮ ಬೀದಿಯಲ್ಲಿ ಇಪ್ಪತ್ತೆರಡು ಮನೆ. ಕುತೂಹಲಕ್ಕೆ ಕೇಳಿಕೊಂಡು ಬಂದೆ. ಬೆಂಗಳೂರಿಗೆ ಹೋಗದ ಮನೆ ಒಂದೂ ಇಲ್ಲ. ಲಾಲ್‌ಬಾಗಿನ ಒಳಗೆ ಕಾಲಿಟ್ಟ ದೊಡ್ಡವರು ಮೂರು ಜನ. ಅದರಲ್ಲಿ ನಾನೊಬ್ಬಳು.

ಬೆಂಗಳೂರಿನವರು ಮಾತ್ರ ಹಾಗಲ್ಲ. ಭಾನುವಾರ ಕೋಳಿ ಕೂಗುವ ಮೊದಲೇ ನಂದಿಬೆಟ್ಟದ ಬುಡದಲ್ಲಿ ಕಾರು, ಬೈಕುಗಳ ಸಾಲು. ಸೂರ್ಯ ಹುಟ್ಟುವುದನ್ನು ನೋಡಲು ಬರುತ್ತಾರೆ. ಅವಲಗುರ್ಕಿಯ ಆದಿಯೋಗಿ ಬಂದ ಮೇಲೆ ವಾರದ ಕೊನೆಗೆ ಇನ್ನೂ ಜಾಸ್ತಿ. ಬರಲಿ, ಸಂತೋಷ, ಜೋಳ, ಸೌತೆಕಾಯಿ ಮಾರುವವರಿಗೆ ನಾಲ್ಕು ಕಾಸಾಗುತ್ತದೆ. ತಿಂದ ಪ್ಯಾಕೆಟ್ಟನ್ನು ಬೆಟ್ಟದ ಮೇಲೇ ಬಿಟ್ಟು ಹೋಗುವ ಬದಲು ಜೊತೆಗೆ ಒಯ್ದರೆ ಇನ್ನೂ ಸಂತೋಷ. ಅವರು ನಮ್ಮೂರನ್ನು ನೋಡಲು ಬರುತ್ತಾರೆ, ನಾವು ಅವರೂರಿಗೆ ದುಡಿಯಲು, ನರಳಲು ಹೋಗುತ್ತೀವಿ. ನಮಗೂ ನೋಡುವ ಹಕ್ಕಿದೆ ಅನ್ನುವುದೇ ನಮಗೆ ಮರೆತುಹೋಗಿದೆ.

ನನಗೂ ಮರೆತಿತ್ತು. ನೆನಪಾದದ್ದು ಆಸ್ಪತ್ರೆಯಿಂದ.

2018ರಲ್ಲಿ ನಮ್ಮ ಯಜಮಾನರನ್ನು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸೇರಿಸಿದ್ದೆವು. ಇಪ್ಪತ್ತಾರು ದಿನ. ಬೆಳಿಗ್ಗೆ ಡಾಕ್ಟರು ರೌಂಡ್ಸಿಗೆ ಬರುವ ಹೊತ್ತಿಗೆ ಜೊತೆಯಲ್ಲಿದ್ದವರನ್ನೆಲ್ಲ ಆಚೆ ಕಳಿಸುತ್ತಿದ್ದರು. ಮತ್ತೆ ಒಳಗೆ ಬಿಡುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಮೊದಲ ಮೂರು ದಿನ ಮರದ ಕೆಳಗೆ ಟವಲ್ ಹಾಸಿಕೊಂಡು ಕೂತೆ. ನಾಲ್ಕನೇ ದಿನ, ಕಲಬುರಗಿ ಕಡೆಯ ಒಬ್ಬ ಅಕ್ಕ, ಅವರ ಮಗನೂ ಅದೇ ವಾರ್ಡಿನಲ್ಲಿದ್ದ, “ಯಾಕ್ರೀ ಹಿಂಗ ಕುಂತೀರಿ? ಕುಂತ್ರ ಖರೇನೇ ಹುಚ್ಚ ಹಿಡಿತೈತಿ. ನಡೀರಿ, ಲಾಲ್‌ಬಾಗಿಗಾರ ಹೋಗಿ ಬರೂಣು” ಅಂದರು. ಅಷ್ಟು ದೂರದಿಂದ ಬಂದವರು ನನಗೆ ಬೆಂಗಳೂರು ತೋರಿಸಬೇಕಾಯಿತು. ಅರವತ್ತು ಚಿಲ್ಲರೆ ಕಿಲೋಮೀಟರ್ ದೂರದವಳು ನಾನು!

ಲಾಲ್‌ಬಾಗಿನಲ್ಲಿ ನಾನು ಮೊದಲು ನೋಡಿದ್ದು ಹೂವನ್ನಲ್ಲ. ಹೂವು ನಮ್ಮ ಹೊಲದಲ್ಲೂ ಇದೆ. ಬಂಡೆ ನೋಡಿದೆ. ಕೆಂಪೇಗೌಡರ ಗೋಪುರ ನಿಂತಿದೆಯಲ್ಲ, ಆ ಬಂಡೆ. ಭೂವಿಜ್ಞಾನದವರು ಅದನ್ನು ರಾಷ್ಟ್ರೀಯ ಸ್ಮಾರಕ ಅಂತ ಗುರುತಿಸಿ ಫಲಕ ಹಾಕಿದ್ದಾರೆ. 300 ಕೋಟಿ ವರ್ಷದ ಕಲ್ಲಂತೆ. ನಮ್ಮೂರಲ್ಲಿ ಅಂಥ ಬಂಡೆಗಳನ್ನು ಕ್ರಷರಿಗೆ ಹಾಕಿ ಜಲ್ಲಿ ಮಾಡಿ ಅದೇ ಬೆಂಗಳೂರಿನ ಮನೆಗಳಿಗೆ ಕಳಿಸುತ್ತೀವಿ. ಇಲ್ಲಿ ಒಂದು ಬಂಡೆಗೆ ಬೇಲಿ, ಫಲಕ, ಮರ್ಯಾದೆ. ಬಂಡೆಯ ಮೇಲೆ ಕೂತು ಸುಮ್ಮನೆ ನೋಡಿದೆ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ. ಗಾಜಿನ ಮನೆಗೆ ಕಲ್ಲು ಹಾಕಿದ್ದು 1889ರಲ್ಲಿ. ಇವೆಲ್ಲ ಆಮೇಲೆ ಓದಿ ತಿಳಿದದ್ದು. ಅವತ್ತು ತಿಳಿದದ್ದು ಒಂದೇ: ಮೂರು ದಿನದಿಂದ ಬಿಗಿಹಿಡಿದಿದ್ದ ಉಸಿರು ಸಲೀಸಾಯಿತು.

ಅಲ್ಲಿಂದ ದಿನಕ್ಕೊಂದು ಕಡೆ. ಸಂಜೆ ವಾರ್ಡಿಗೆ ಹೋಗಿ ಯಜಮಾನರಿಗೆ ವರದಿ ಒಪ್ಪಿಸುತ್ತಿದ್ದೆ. ಅವರು ಈಗ ಚೆನ್ನಾಗಿದ್ದಾರೆ. “ನನ್ನ ಖಾಯಿಲೆ ನೆಪದಲ್ಲಿ ಊರು ಸುತ್ತಿದೋಳು” ಅಂತ ನೆಂಟರ ಮುಂದೆ ಹಂಗಿಸುವುದು ಇವತ್ತಿಗೂ ಬಿಟ್ಟಿಲ್ಲ.

ಕೋಟೆಯ ವಿಚಾರ ಹೇಳಲೇಬೇಕು. ಮಾರ್ಕೆಟ್ಟಿಗೆ ಹೂವು ಒಯ್ಯುವ ನಮ್ಮ ಜನ ದಿನಾ ಅದರ ಮುಂದೆಯೇ ಓಡಾಡುತ್ತಾರೆ. 1537ರಲ್ಲಿ ಕೆಂಪೇಗೌಡರು ಮಣ್ಣಿನಿಂದ ಕಟ್ಟಿಸಿದ್ದು, ಹೈದರಾಲಿ ಕಲ್ಲಿನದು ಮಾಡಿಸಿದ್ದು. ಈಗ ಉಳಿದಿರುವುದು ಒಂದು ಬಾಗಿಲು, ಒಂದಿಷ್ಟು ಗೋಡೆ. ಗೋಡೆಯ ಮೇಲೊಂದು ಇಂಗ್ಲಿಷ್ ಕಲ್ಲು. 1791ರ ಮಾರ್ಚ್ 21ರಂದು ಇಲ್ಲೇ ಗೋಡೆ ಒಡೆದು ಇಂಗ್ಲಿಷರ ಸೈನ್ಯ ಒಳನುಗ್ಗಿತು ಅಂತ ಅದರಲ್ಲಿದೆ. ಓದಿ ಹೇಳಿದ್ದು ಒಬ್ಬ ಕಾಲೇಜು ಹುಡುಗ. ಅದನ್ನು ಕೇಳಿದಾಗ ನನಗೆ ತಟ್ಟನೆ ಹೊಳೆದದ್ದು ನಮ್ಮ ನಂದಿಬೆಟ್ಟ. ಅದೇ ಸೈನ್ಯ, ಅದೇ ವರ್ಷ, ಅಕ್ಟೋಬರಿನಲ್ಲಿ ನಂದಿದುರ್ಗಕ್ಕೂ ಲಗ್ಗೆ ಹಾಕಿತು. ಎರಡೂ ಒಂದೇ ಯುದ್ಧದ ಗಾಯ. ನಮ್ಮ ಮಕ್ಕಳು ಮೈಸೂರು ಯುದ್ಧಗಳನ್ನು ಮೂರನೆಯದು, ನಾಲ್ಕನೆಯದು ಅಂತ ಇಸವಿ ಸಮೇತ ಬಾಯಿಪಾಠ ಮಾಡುತ್ತಾರೆ. ಬೆಟ್ಟ ಮನೆ ಹಿಂದೆ ಇದೆ, ಕೋಟೆ ಮಾರ್ಕೆಟ್ಟಿನ ಹಿಂದೆ ಇದೆ. ಎರಡನ್ನೂ ಜೋಡಿಸಿ ತೋರಿಸಿದವರು ಯಾರೂ ಇಲ್ಲ.

ಕೋಟೆಯಿಂದ ನಡೆಯುವಷ್ಟು ದೂರದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ತೇಗದ ಕಂಬಗಳು, ಅದೂ 1791ರಲ್ಲೇ ಮುಗಿದದ್ದು. ಪಕ್ಕದಲ್ಲಿ ಕೋಟೆ ವೆಂಕಟರಮಣಸ್ವಾಮಿ. ಫಿರಂಗಿ ಗುಂಡು ದೇವಸ್ಥಾನದ ಕಂಬಕ್ಕೆ ಬಡಿದು ಟಿಪ್ಪುವಿನ ಜೀವ ಉಳಿಯಿತು ಅಂತ ಅಲ್ಲಿ ಕಥೆ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಅರಮನೆಗೂ ದೇವಸ್ಥಾನಕ್ಕೂ ನಡುವೆ ಇರುವುದು ಒಂದು ಗೋಡೆ ಮಾತ್ರ ಅನ್ನುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು.

ಇನ್ನು ಚಿಕ್ಕಪೇಟೆ. ಅಲ್ಲಿಗೆ ಹೋದ ದಿನ ನನಗೆ ಅಳುವೇ ಬಂತು, ಯಾಕೆ ಅಂತ ಹೇಳುವುದು ಕಷ್ಟ. ನಾನು ಮೂವತ್ತು ವರ್ಷದಿಂದ ಗೂಡು ಬೇಯಿಸಿ ಎಳೆ ತೆಗೆಯುತ್ತಿದ್ದೀನಿ. ಬಿಸಿನೀರಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹಿಡಿಯಬೇಕು. ಬೆರಳ ತುದಿ ಬೆಳ್ಳಗೆ ನೆನೆದು ಹೋಗಿರುತ್ತದೆ. ಬೆಂದ ಹುಳದ ವಾಸನೆ ಎಷ್ಟು ಸೋಪು ಹಾಕಿದರೂ ಕೈ ಬಿಡುವುದಿಲ್ಲ. ಆ ವಾಸನೆಗೆ ಹೆದರಿಯೇ ಬಸ್ಸಲ್ಲಿ ಪಕ್ಕದವರಿಂದ ಸರಿದು ಕೂರುವುದು ನನಗೆ ಅಭ್ಯಾಸ. ಚಿಕ್ಕಪೇಟೆಯ ಅಂಗಡಿಯಲ್ಲಿ ಹುಡುಗ ಒಂದು ಸೀರೆ ಬಿಚ್ಚಿ ಹಾಸಿದ. ಮುಟ್ಟಿದೆ. ಎಳೆ ನನ್ನದೇ ಇರಬೇಕಾಗಿಲ್ಲ, ನಮ್ಮೂರಿನದೇ ಇರಬೇಕಾಗಿಯೂ ಇಲ್ಲ. ಆದರೆ ನಾನು ಕಂಡಿದ್ದು ನೂಲು ಸುತ್ತಿದ ಲಡಿಯವರೆಗೆ. ಅದು ನೇಯ್ಗೆಯಾಗಿ, ಬಣ್ಣವಾಗಿ, ಯಾರದೋ ಮದುವೆಯಾಗಿ ಮುಂದೆ ಹೋಗುವ ಕಡೆ ನಾನು ಯಾವತ್ತೂ ನಿಂತಿರಲಿಲ್ಲ. “ತಗೋತೀರಾಮ್ಮ?” ಅಂದ ಹುಡುಗ. “ಇಲ್ಲಪ್ಪ, ನೋಡಕ್ಕೆ ಬಂದೆ” ಅಂದೆ. ಪಾಪ, ಬೈಯಲಿಲ್ಲ. ಇನ್ನೂ ಎರಡು ಬಿಚ್ಚಿ ತೋರಿಸಿದ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಎಷ್ಟು ದೊಡ್ಡದು ಅಂತ ನಮ್ಮ ಮಕ್ಕಳಿಗೆ ಗೊತ್ತು. ಆ ಗೂಡು ಕೊನೆಗೆ ಏನಾಗುತ್ತದೆ ಅಂತ ಅವರಿಗೆ ಚಿಕ್ಕಪೇಟೆಯಲ್ಲಿ ನಿಲ್ಲಿಸಿ ತೋರಿಸಿ.

ಕಸ್ತೂರ್ಬಾ ರಸ್ತೆ ಬೇರೆಯೇ ಲೋಕ. ಒಂದೇ ಸಾಲಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ. ಹಿಂದೆಯೇ ಕಬ್ಬನ್ ಪಾರ್ಕು.

ವಿಶ್ವೇಶ್ವರಯ್ಯನವರು ನಮ್ಮ ಮುದ್ದೇನಹಳ್ಳಿಯವರು. ಅವರ ಮನೆ, ಸಮಾಧಿ ಎರಡೂ ಅಲ್ಲಿವೆ. ನಮ್ಮ ಶಾಲೆಗಳು ಅದನ್ನಂತೂ ತೋರಿಸುತ್ತವೆ, ಇಲ್ಲ ಅನ್ನುವುದಿಲ್ಲ. ಸೆಪ್ಟೆಂಬರ್ 15 ಬಂದರೆ ಭಾಷಣ, ಮೈಸೂರು ಪೇಟದ ಛದ್ಮವೇಷ. ಆದರೆ ಅವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ, ಅವರ ಹೆಸರಿನ ಈ ಕಟ್ಟಡವನ್ನು ನೆಹರೂ ತೆರೆದದ್ದು ಅದೇ ವರ್ಷ ಜುಲೈನಲ್ಲಿ, ಮೂರೇ ತಿಂಗಳಿಗೆ, ಅನ್ನುವುದು ಎಷ್ಟು ಮೇಷ್ಟರಿಗೆ ಗೊತ್ತು? ಮುದ್ದೇನಹಳ್ಳಿಯಲ್ಲಿ ಅವರ ಕನ್ನಡಕ, ಕೋಟು, ಪದಕ ನೋಡಿದ ಮಗು ಇಲ್ಲಿ ಬಂದು ಹಬೆ ಯಂತ್ರ, ಹಲ್ಲುಚಕ್ರ, ರೈಟ್ ಸಹೋದರರ ವಿಮಾನದ ಪ್ರತಿರೂಪ ನೋಡಬೇಕು. ಅಲ್ಲಿನ ಗುಂಡಿ ಒತ್ತಿದರೆ ಚಕ್ರ ತಿರುಗುತ್ತದೆ, ಇನ್ನೊಂದು ಒತ್ತಿದರೆ ದೀಪ ಹತ್ತುತ್ತದೆ. ನಾನು ಒತ್ತಿದೆ. ಐವತ್ತು ದಾಟಿದ ಹೆಂಗಸು ಚಿಕ್ಕ ಮಕ್ಕಳ ಸಾಲಿನಲ್ಲಿ ನಿಂತು ಒತ್ತಿದೆ. ಹಲ್ಲುಚಕ್ರ ಹೇಗೆ ವೇಗ ಹೆಚ್ಚಿಸುತ್ತದೆ ಅಂತ ಅಲ್ಲಿ ನೋಡಿದಾಗ, ನಮ್ಮ ಮನೆಯ ಚರಕ ಯಾಕೆ ಹಾಗೆ ತಿರುಗುತ್ತದೆ ಅಂತ ಮೂವತ್ತು ವರ್ಷದ ಮೇಲೆ ಅರ್ಥವಾಯಿತು.

ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯದ ಕಟ್ಟಡ 1877ರದ್ದು. ಅಲ್ಲಿ ಆತಕೂರಿನ ಕಲ್ಲು ಇದೆ. ಸುಮಾರು 949ನೇ ಇಸವಿಯದು. ಕಾಳಿ ಅನ್ನುವ ಬೇಟೆನಾಯಿಯ ಕಲ್ಲು. ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೆರನಿಗೆ ಗಂಗರ ಅರಸ ಬೂತುಗ “ಏನು ಬೇಕು ಕೇಳು” ಅಂದನಂತೆ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿಯನ್ನು ಕೇಳಿದ. ಆ ನಾಯಿ ಹಂದಿಯ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಇನ್ನೂ ಹಾಗೇ ಕಚ್ಚಾಡುತ್ತಿವೆ. ನಾನು ಬಹಳ ಹೊತ್ತು ನಿಂತೆ. ನಮ್ಮ ಹಳ್ಳಿಗಳಲ್ಲೂ ವೀರಗಲ್ಲುಗಳಿವೆ. ಕೆಲವಕ್ಕೆ ಅರಿಶಿನ ಕುಂಕುಮ, ಕೆಲವಕ್ಕೆ ಬಟ್ಟೆ ಒಗೆಯುವ ಯೋಗ. ಈ ಕಥೆ ಕೇಳಿದ ಮೇಲೆ ನಮ್ಮೂರ ಕೆರೆ ಏರಿಯ ಕಲ್ಲನ್ನು ನಾನು ಮೊದಲಿನ ಹಾಗೆ ದಾಟಿ ಹೋಗುತ್ತಿಲ್ಲ.

ಕಬ್ಬನ್ ಪಾರ್ಕಿನೊಳಗೆ ಕೆಂಪು ಗ್ರಂಥಾಲಯದ ಮುಂದೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ ಇದೆ. ಇವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಕೊಟ್ಟದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಆಮೇಲೆ, 1905ರಲ್ಲಿ. ಆಗ ನಾವೂ ಕೋಲಾರ ಜಿಲ್ಲೆಯವರೇ. ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಬೆಂಗಳೂರಿಗಿಂತ ಮೂರು ವರ್ಷ ಮೊದಲು ನಮ್ಮ ಜಿಲ್ಲೆಗೆ ಕರೆಂಟು! ನಮ್ಮ ಹಳ್ಳಿಗಳಿಗೆ ಅಲ್ಲ ಬಿಡಿ, ದೊರೆಗಳ ಗಣಿಗೆ. ಆದರೂ ಇದನ್ನು ಮೊಮ್ಮಗನಿಗೆ ಹೇಳಿದಾಗ ಅವನ ಎದೆ ಒಂದಿಂಚು ಉಬ್ಬಿತು. ಆ ಪಾರ್ಕಿಗೆ ಹೆಸರು ಕೊಟ್ಟ, ಇಂಗ್ಲಿಷರ ಕಾಲದ ಕಮಿಷನರ್ ಕಬ್ಬನ್ ಸಾಹೇಬರೂ ಬೇಸಿಗೆ ಬಂದರೆ ಓಡಿ ಬರುತ್ತಿದ್ದದ್ದು ನಮ್ಮ ನಂದಿಬೆಟ್ಟಕ್ಕೇ. ಭಾನುವಾರದ ಕಾರಿನ ಸಾಲಿಗೆ ಮೊದಲಿಗರು ಅವರೇ ಇರಬೇಕು.

ಬೇಕಾದಷ್ಟು ನೋಡಿದ್ದೀನಿ, ಎಲ್ಲ ಬರೆದರೆ ಪತ್ರಿಕೆಯವರು ಕತ್ತರಿ ಹಾಕುತ್ತಾರೆ. ವಿಧಾನಸೌಧವನ್ನು ಹೊರಗಿನಿಂದಷ್ಟೇ ನೋಡಿದ್ದೆ. 2025ರಿಂದ ಜನರಿಗೂ ಟಿಕೆಟ್ ಕೊಟ್ಟು ಒಳಗೆ ತೋರಿಸುತ್ತಿದ್ದಾರೆ ಅಂತ ಕೇಳಿ ಖುಷಿಯಾಯಿತು. ತಾರಾಲಯದಲ್ಲಿ ಕನ್ನಡದ ಪ್ರದರ್ಶನವೂ ಇದೆ, ವೇಳೆ ವಿಚಾರಿಸಿಕೊಂಡು ಹೋಗಿ.

ಊಟದ ಮಾತು ಬಿಟ್ಟರೆ ನನ್ನ ಮೊಮ್ಮಗ ಕ್ಷಮಿಸುವುದಿಲ್ಲ. ಅವನ ಪಾಲಿಗೆ ಬೆಂಗಳೂರು ಅಂದರೆ ರವೆ ಇಡ್ಲಿ. 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿದರಂತೆ. ಬರಗಾಲದಲ್ಲಿ ಹುಟ್ಟಿದ ತಿಂಡಿಗೆ ಈಗ ಸರದಿ ಸಾಲು, ಮೇಲೆ ಗೋಡಂಬಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನದ ದೋಸೆ 1943ರಿಂದ ಇದೆ. ಒಬ್ಬ ಮಾಣಿ ಕೈ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವುದನ್ನು ನೋಡುವುದೇ ಒಂದು ಸರ್ಕಸ್ಸು. ದೋಸೆ ಚೆನ್ನಾಗಿದೆ, ಆದರೆ ನನ್ನ ನಾಲಿಗೆಗೆ ತುಪ್ಪ ಸ್ವಲ್ಪ ಹೆಚ್ಚು. ಹೇಳಿದರೆ ಬಸವನಗುಡಿಯವರು ಜಗಳಕ್ಕೆ ಬರಬಹುದು, ಬರಲಿ. ದುಡ್ಡು ಕಮ್ಮಿ ಇದ್ದವರಿಗೆ ನಿಂತು ತಿನ್ನುವ ದರ್ಶಿನಿಗಳಿವೆ. ಆಸ್ಪತ್ರೆಯ ದಿನಗಳಲ್ಲಿ ನನ್ನನ್ನು ಸಾಕಿದ್ದು ಅವೇ.

ನಗು ಬಂದದ್ದು ವಿಶ್ವೇಶ್ವರಪುರದ ತಿಂಡಿಬೀದಿಯಲ್ಲಿ. ಚಳಿಗಾಲದಲ್ಲಿ ಆಗ ಅಲ್ಲೇ ಅವರೆಬೇಳೆ ಮೇಳ ಅಂತ ಮಾಡುತ್ತಿದ್ದರು. ಅವರೆ ದೋಸೆ, ಅವರೆ ಜಾಮೂನು, ಅವರೆ ಜಿಲೇಬಿ. ಅವರೆಕಾಯಿಗೆ ನಮ್ಮ ಕಡೆ ಬರವೇ? ಸೊಗಡಿನ ಕಾಯಿ ರಾಶಿ ಹಾಕಿಕೊಂಡು ಮನೆಮಂದಿಯೆಲ್ಲ ಸುಲಿದು, ನೆನೆಸಿ, ಒಂದೊಂದೇ ಇದಕಿ ಸಾರು ಮಾಡುವ ನಾವು ಅಲ್ಲಿ ದುಡ್ಡು ಕೊಟ್ಟು ಸಾಲಿನಲ್ಲಿ ನಿಂತು ತಿಂದೆವು. ಜಾಮೂನು ಬೇಡವಾಗಿತ್ತು. ದೋಸೆ ಪರವಾಗಿಲ್ಲ. ಆದರೆ ಮುದ್ದೆಗೆ ನಮ್ಮ ಇದಕಿದ ಬೇಳೆ ಸಾರೇ ಸರಿ.

ಹೋದ ವರ್ಷ ಒಂದು ಎರಡನೇ ಶನಿವಾರ ಮೊಮ್ಮಗ, ಮೊಮ್ಮಗಳ ಜೊತೆ ಬೀದಿಯ ಇನ್ನೈದು ಮಕ್ಕಳನ್ನು ಕಟ್ಟಿಕೊಂಡು ಹೋದೆ. ಖರ್ಚಿನ ಲೆಕ್ಕ ಹೇಳಿಬಿಡುತ್ತೀನಿ, ಸಭೆಯಲ್ಲಿ ಯಾರೂ ಹೇಳಗೊಡಲಿಲ್ಲ. 2023ರ ಜೂನ್‌ನಿಂದ ಕೆಂಪು ಬಸ್ಸಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ನನಗೂ ನಾಲ್ಕು ಹುಡುಗಿಯರಿಗೂ ಸೊನ್ನೆ. ಮೂವರು ಹುಡುಗರಿಗೆ ಟಿಕೆಟ್. ಮೆಜೆಸ್ಟಿಕ್ಕಿನಿಂದ ಮೆಟ್ರೋ, ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸಾಲಾಗಿ ನಾಲ್ಕು ನಿಲ್ದಾಣ. ನೇರಳೆ ಮಾರ್ಗದಲ್ಲಿ ವಿಧಾನಸೌಧ, ಕಬ್ಬನ್ ಪಾರ್ಕು. ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಮಧ್ಯಾಹ್ನಕ್ಕೆ ಮನೆಯ ಚಿತ್ರಾನ್ನ, ಸಂಜೆಗೆ ರವೆ ಇಡ್ಲಿ. ಎಲ್ಲ ಸೇರಿ ನೀರಿನ ಪಾರ್ಕಿನ ಇಬ್ಬರ ದುಡ್ಡಿನಲ್ಲಿ ಎಂಟು ಜನ ಹೋಗಿ ಬಂದೆವು. ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಯಾವುದು ಅಂತೀರಿ? ಮೆಟ್ರೋದ ಓಡುವ ಮೆಟ್ಟಿಲು. ಅದೂ ಸರಿಯೇ. ಎರಡನೆಯದು ಕಾಳಿಯ ಕಥೆ. ಬಸ್ಸಲ್ಲಿ ಬರುವಾಗ ಮೊಮ್ಮಗಳು “ಅಜ್ಜಿ, ಮಣಲೆರ ಆಮೇಲೆ ಅತ್ತನಾ?” ಅಂದಳು. ಕಲ್ಲಿನಲ್ಲಿ ಅದನ್ನು ಬರೆದಿಲ್ಲ ಮಗಾ ಅಂದೆ.

ತೊಂದರೆಯೂ ಆಯಿತು, ಮುಚ್ಚಿಡುವುದಿಲ್ಲ. ಹೆಸರು ಬೇಡ, ಯಾರನ್ನೋ ದೂರಲು ಬರೆಯುತ್ತಿಲ್ಲ. ಒಂದು ಕಡೆ ಹೋದರೆ ಬಾಗಿಲು ಹಾಕಿತ್ತು. ರಜೆ ಅನ್ನುವ ಕಾಗದ ಬಾಗಿಲಿಗೆ ಅಂಟಿಸಿತ್ತು, ಅರವತ್ತು ಕಿಲೋಮೀಟರ್ ಬಂದು ಓದಿಕೊಂಡೆವು. ಹೆಸರಾಂತ ಹೋಟೆಲೊಂದಕ್ಕೂ ಅವತ್ತೇ ವಾರದ ರಜೆ. ಇನ್ನೊಂದು ಕಡೆ ವಿವರಿಸುವವರು ಬೇರೆ ಶಾಲೆಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಚೆನ್ನಾಗಿ ಹೇಳುತ್ತಿದ್ದರು. ನಮ್ಮ ಮಕ್ಕಳೂ ಹಿಂದೆ ನಿಂತರು. “ಸಾರ್, ಕನ್ನಡದಲ್ಲೂ ಎರಡು ಮಾತು ಹೇಳಿ” ಅಂದೆ. “ಬೋರ್ಡಲ್ಲಿ ಐತೆ, ಓದ್ಕೊಳಮ್ಮ” ಅಂದರು. ಬೋರ್ಡಿನಲ್ಲಿ ಇತ್ತು. ಆ ಕನ್ನಡ ಓದಿದರೆ ನಮ್ಮ ಹೈಸ್ಕೂಲು ಕನ್ನಡ ಮೇಷ್ಟರಿಗೂ ಬೆವರು ಕಿತ್ತುಕೊಳ್ಳುತ್ತದೆ. ‘ಪ್ರಸ್ತುತ ಶಿಲ್ಪವು ಸಮಭಂಗಿಯಲ್ಲಿದ್ದು’ ಅಂದರೆ ಆರನೇ ಕ್ಲಾಸಿನ ಹುಡುಗಿಗೆ ಏನು ತಿಳಿಯಬೇಕು? ನೇರ ನಿಂತಿದೆ ಅನ್ನಿ. ಬುತ್ತಿ ಬಿಚ್ಚಲು ಜಾಗ ಹುಡುಕಿ ಹುಡುಕಿ ಕಡೆಗೆ ಫುಟ್‌ಪಾತಿನ ಮರದ ಕೆಳಗೆ ಕೂತೆವು.

ಆದ್ದರಿಂದ ವಸ್ತುಸಂಗ್ರಹಾಲಯದ ಸಾಹೇಬರುಗಳೇ, ದೊಡ್ಡದೇನೂ ಕೇಳುತ್ತಿಲ್ಲ. ನಿಮ್ಮೆಲ್ಲರ ರಜಾದಿನ, ತೆರೆಯುವ ಹೊತ್ತು, ಟಿಕೆಟ್ ದರ ಒಂದೇ ಹಲಗೆಯಲ್ಲಿ ಬರೆದು ಮೆಜೆಸ್ಟಿಕ್ಕಿನಲ್ಲಿ, ನಮ್ಮ ಜಿಲ್ಲೆಯ ಬಸ್ ನಿಲ್ದಾಣಗಳಲ್ಲಿ ತೂಗುಹಾಕಿ. ಶನಿವಾರ ಭಾನುವಾರ ಕನ್ನಡದಲ್ಲಿ ಕಥೆ ಹೇಳುವವರೊಬ್ಬರು ಇರಲಿ, ಸಂಬಳಕ್ಕೆ ದುಡ್ಡಿಲ್ಲದಿದ್ದರೆ ಕಾಲೇಜಿನ ಇತಿಹಾಸದ ಹುಡುಗರನ್ನು ಕರೆಯಿರಿ. ಕೋಟೆಯ ಕಲ್ಲು ಓದಿ ಹೇಳಿದ ಹುಡುಗನಂಥವರು ಇದ್ದಾರೆ. ಬುತ್ತಿ ಬಿಚ್ಚಲು ನೆರಳು, ಕೈತೊಳೆಯಲು ನಲ್ಲಿ, ಹೆಣ್ಣುಮಕ್ಕಳಿಗೆ ಬೀಗ ಹಾಕದ ಶೌಚಾಲಯ. ಸಾರಿಗೆಯವರೇ, ಬೆಂಗಳೂರಿನಿಂದ ನಮ್ಮ ಬೆಟ್ಟಕ್ಕೆ ವಾರದ ಕೊನೆಗೆ ಪ್ರವಾಸಿ ಬಸ್ಸು ಬರುತ್ತವಲ್ಲ, ಅದೇ ಥರ ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನಿಂದ ತಿಂಗಳಿಗೊಂದು ಭಾನುವಾರ ಒಂದೊಂದು ಬಸ್ಸು ಆ ಕಡೆಗೂ ಹೋಗಲಿ. ಬೆಳಿಗ್ಗೆ ಲಾಲ್‌ಬಾಗಿನ ಬಾಗಿಲಲ್ಲಿ ಇಳಿಸಿ, ಸಂಜೆ ಕಸ್ತೂರ್ಬಾ ರಸ್ತೆಯಲ್ಲಿ ಹತ್ತಿಸಿಕೊಂಡರೆ ಸಾಕು. ನಡುವಿನದು ನಾವು ನೋಡಿಕೊಳ್ಳುತ್ತೀವಿ.

ಬೆಂಗಳೂರಿನವರಿಗೂ ಒಂದು ಮಾತು. ಹೆಬ್ಬಾಳ ನಾಗವಾರ ಕಣಿವೆಯಿಂದ ನೀವು ಬಳಸಿ ಬಿಟ್ಟ ನೀರು ಶುದ್ಧೀಕರಿಸಿ ಪೈಪಿನಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅಂತ ನಮ್ಮ ರೈತರು ಕೇಳುತ್ತಲೇ ಇದ್ದಾರೆ, ಆ ಜಗಳ ಬೇರೆ ಕಾಗದದ್ದು. ನಿಮ್ಮ ನೀರು ನಮ್ಮ ಕೆರೆಗೆ ಬರುವಷ್ಟು ಹತ್ತಿರದವರು ನಾವು. ನಮ್ಮ ಮಕ್ಕಳು ನಿಮ್ಮ ಮೆಟ್ರೋದಲ್ಲಿ ಗಟ್ಟಿಯಾಗಿ ತೆಲುಗು ಬೆರೆತ ಕನ್ನಡದಲ್ಲಿ ಮಾತಾಡಿದರೆ ಮುಖ ಸಿಂಡರಿಸಬೇಡ್ರಪ್ಪ.

ಇನ್ನು ನಮ್ಮ ಮೇಷ್ಟ್ರುಗಳೇ, ಮೇಡಮ್ಮುಗಳೇ. ನಿಮ್ಮ ಕಷ್ಟ ಗೊತ್ತು. ಮಕ್ಕಳನ್ನು ಕರೆದುಕೊಂಡು ಹೋಗುವುದು ಅಂದರೆ ಅನುಮತಿ ಪತ್ರ, ಒಪ್ಪಿಗೆ ಪತ್ರ, ಒಂದು ಮಗು ತಪ್ಪಿಸಿಕೊಂಡರೆ ನಿಮ್ಮ ತಲೆ ಮೇಲೆ. ಪಾರ್ಕಾದರೆ ಸುತ್ತ ಗೋಡೆ, ಒಂದೇ ಗೇಟು, ನಿಮಗೂ ನಿರಾಳ. ಬೇಕಾದರೆ ಪಾರ್ಕಿಗೂ ಹೋಗಿ. ಆದರೆ ಏಳರಿಂದ ಹತ್ತನೇ ತರಗತಿಯ ಒಳಗೆ ಒಂದೇ ಒಂದು ಸಲ, ನಂದಿಯ ಕೋಟೆ ತೋರಿಸಿದ ಮಾರನೇ ವಾರ ಬೆಂಗಳೂರಿನ ಕೋಟೆ ತೋರಿಸಿ. ಮುದ್ದೇನಹಳ್ಳಿ ಆದ ಮೇಲೆ ಕಸ್ತೂರ್ಬಾ ರಸ್ತೆ. ಗೂಡಿನ ಮಾರುಕಟ್ಟೆ ಆದ ಮೇಲೆ ಚಿಕ್ಕಪೇಟೆ. ಆವತಿಯ ಗೌಡರ ಮನೆತನದವರೇ ಬೆಂಗಳೂರು ಕಟ್ಟಿದವರು ಅಂತ ಪಾಠ ಮಾಡುತ್ತೀರಲ್ಲ, ಬಸ್ಸು ಆವತಿ ದಾಟುವಾಗ ಕಿಟಕಿಯಿಂದ ಕೈ ತೋರಿಸಿ ಹೇಳಿ, ಸಾಕು.

ನಮ್ಮ ಶಾಲೆಯ ಸಭೆಯಲ್ಲಿ ನಕ್ಕವರಿಗೆ: ಬರುವ ತಿಂಗಳ ಎರಡನೇ ಶನಿವಾರ ನಾನು ಮತ್ತೆ ಹೊರಡುತ್ತಿದ್ದೀನಿ. ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಆರೂವರೆಗೆ ಇರುತ್ತೀನಿ. ಇಬ್ಬರು ಮೇಷ್ಟರು ಜೊತೆಗೆ ಬಂದರೆ ಹದಿನೈದು ಮಕ್ಕಳನ್ನು ಕರೆದೊಯ್ಯಬಹುದು. ಮೈದುನನೂ ಬರಲಿ, ಅವರಿಗೆ ಬೆಂಗಳೂರಿನ ದಾರಿ ಗೊತ್ತಿದೆಯಲ್ಲ. ಚಿತ್ರಾನ್ನ ನಾನು ತರುತ್ತೀನಿ. ನೀರಿನ ಬಾಟಲಿ ಅವರವರದು.

ಇಂತಿ ತಮ್ಮ,
ಶಿಡ್ಲಘಟ್ಟದ ಒಬ್ಬ ನೂಲು ಬಿಚ್ಚಾಣಿಕೆದಾರಳು